ಸೇವ್ ಮಾಡದ ಕಾಗದ

ನಮ್ಮ ಅಂಗಡಿಯಲ್ಲಿ ಪ್ರಶ್ನೆಪತ್ರಿಕೆಗಳನ್ನು ಸೇವ್ ಮಾಡುವ ಪದ್ಧತಿ ಇರಲಿಲ್ಲ. ಮದುವೆ ಕಾರ್ಡು, ಬಾಡಿಗೆ ಕರಾರು, ಸಂಘದ ವಾರ್ಷಿಕ ವರದಿ ಎಲ್ಲವೂ ಕಂಪ್ಯೂಟರಿನಲ್ಲಿ ಉಳಿಯುತ್ತಿದ್ದವು. ಒಬ್ಬರ ವೈಕುಂಠ ಸಮಾರಾಧನೆಯ ಕಾರ್ಡಿನಲ್ಲೇ ಹೆಸರು, ಫೋಟೋ ಬದಲಿಸಿ ಇನ್ನೊಬ್ಬರದು ಮಾಡಿಕೊಡುವುದು ಡಿಟಿಪಿ ಕಸುಬಿನ ಗುಟ್ಟು. ಆದರೆ ಶಾಲೆಯ ಪ್ರಶ್ನೆಪತ್ರಿಕೆ ಬಂದರೆ ಟೈಪ್ ಮಾಡಿ, ಪ್ರೂಫ್ ತೆಗೆದು, ಮೇಷ್ಟ್ರು ಎದುರಿಗೇ ಕೂತು ತಿದ್ದಿದ ಮೇಲೆ ಕೊನೆಯ ಪ್ರತಿ ಅವರ ಕೈಗೆ ಕೊಡುವುದು. ಸೇವ್ ಮಾಡಲೇ ಎಂದು ಕಂಪ್ಯೂಟರ್ ಕೇಳಿದರೆ ಬೇಡ ಎಂದು ಒತ್ತುವುದು. ಪ್ರೂಫನ್ನು ನಾಲ್ಕಾಗಿ ಹರಿದು ಮೇಜಿನ ಕೆಳಗಿನ ಚೀಲಕ್ಕೆ ಹಾಕುವುದು. ಈ ನಿಯಮ ಮಾಡಿದವಳು ನಾನೇ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಬಸವೇಶ್ವರನಗರದಲ್ಲಿ ನಮ್ಮದು ಮೆಟ್ಟಿಲ ಕೆಳಗಿನ ಅಂಗಡಿ. ಒಂದು ಜೆರಾಕ್ಸ್ ಮೆಷಿನ್ನು, ಒಂದು ಪ್ರಿಂಟರು, ಎರಡು ಕಂಪ್ಯೂಟರು, ನಾವಿಬ್ಬರು. ಅಷ್ಟಕ್ಕೇ ಜಾಗ ಮುಗಿಯಿತು. ಗಿರಾಕಿಗಳು ಫುಟ್‌ಪಾತಿನಲ್ಲಿ ನಿಂತೇ ಮಾತಾಡಬೇಕು. ಮೇಲಿನ ಮಹಡಿಯಲ್ಲಿ ಸಂಜೆ ಹೊತ್ತು ಟ್ಯೂಷನ್ ನಡೆಯುತ್ತಿತ್ತು. ನಾವಿಬ್ಬರು ಎಂದರೆ ನಾನು ಮತ್ತು ನನ್ನ ಟೈಪಿಸ್ಟು. ಟೈಪಿಸ್ಟ್ ಎಂದರೆ ಅವಳಿಗೆ ಸಿಟ್ಟು, ಡಿಟಿಪಿ ಆಪರೇಟರ್ ಅನ್ನಬೇಕು. ಬಿನ್ನಿಪೇಟೆಯವಳು, ತಂದೆ ಮಿಲ್ಲಿನಲ್ಲಿದ್ದವರು. ಹದಿನಾಲ್ಕು ವರ್ಷದಿಂದ ನನ್ನ ಜೊತೆಗಿದ್ದಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ನನಗೆ ಒಡಹುಟ್ಟಿದ ತಂಗಿಯೊಬ್ಬಳಿದ್ದಾಳೆ. ಅವಳಿಗಿಂತ ಹೆಚ್ಚು ಹೊತ್ತು ನಾನು ಇವಳ ಮುಖ ನೋಡಿದ್ದೇನೆ.

ಇಷ್ಟಾದರೂ ಆ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಶುರುವಾದ ಅನುಮಾನ ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ತಲೆಯಲ್ಲಿ ತೀರ್ಪಾಗಿ ಕೂತಿತ್ತು.

ಹನ್ನೊಂದಕ್ಕೆ ಬಂದವರು ಪಕ್ಕದ ರಸ್ತೆಯ ಶಾಲೆಯ ಹೆಡ್‌ಮಿಸ್ಸು. ಯಾವಾಗಲೂ ಮೇಷ್ಟ್ರನ್ನು ಕಳಿಸುವವರು ಅವತ್ತು ತಾವೇ ಬಂದಿದ್ದರು. ನಮಸ್ಕಾರ ಕೂಡ ಹೇಳದೆ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಇದು ನಿಮ್ಮಲ್ಲಿ ಟೈಪ್ ಆಗಿದ್ದೇ ಅಲ್ವೇನ್ರೀ?"

ಹತ್ತನೇ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯ ಫೋಟೋ. ಆ ಮಂಗಳವಾರವಷ್ಟೇ ನಮ್ಮಲ್ಲಿ ಟೈಪ್ ಆಗಿತ್ತು. ಪರೀಕ್ಷೆ ಇನ್ನೂ ಎರಡು ದಿನ ಇರುವಾಗಲೇ ಅದು ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿತ್ತಂತೆ.

"ಏಳನೇ ಪ್ರಶ್ನೆ ನೋಡಿ," ಅಂದರು. ಅದರಲ್ಲಿ ಒಂದೇ ಸಾಲು ಎರಡು ಸಲ ಬಂದಿತ್ತು. "ಇದನ್ನ ನಮ್ಮ ಮೇಷ್ಟ್ರು ಇಲ್ಲೇ ಕೂತು ಹೊಡೆದು ಹಾಕ್ಸಿದಾರೆ. ಸ್ಕೂಲಿಗೆ ಬಂದಿರೋ ಪ್ರತೀಲಿ ಇದು ಇಲ್ಲ. ಅಂದ್ಮೇಲೆ ಇದು ಸ್ಕೂಲಿಂದ ಹೋಗಿಲ್ಲ, ನಿಮ್ಮಲ್ಲಿಂದ ಹೋಗಿದೆ. ಸೋಮವಾರದೊಳಗೆ ಯಾರು ಅಂತ ಹೇಳಿ. ಇಲ್ದಿದ್ರೆ ಮ್ಯಾನೇಜ್‌ಮೆಂಟ್‌ನೋರು ಪೊಲೀಸ್ ಕಂಪ್ಲೇಂಟ್ ಅಂತಿದಾರೆ."

ನನ್ನ ಪಕ್ಕದಲ್ಲೇ ಕೂತಿದ್ದ ಅವಳು ಕತ್ತು ಚಾಚಿ ಫೋಟೋ ನೋಡಿದಳು. ನೋಡಿದವಳು ಬೆರಳಿನಲ್ಲಿ ಅದನ್ನು ದೊಡ್ಡದು ಮಾಡಿ ಮತ್ತೆ ನೋಡಿದಳು. ಮುಖ ಬಿಳಿಚಿತು. ನಮ್ಮ ಅಂಗಡಿಯ ಬಗ್ಗೆ ಯಾರಾದರೂ ಒಂದಂದರೆ ಹತ್ತು ಅನ್ನುವವಳು ಬಾಯಿ ಬಿಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಗಾದೆ ಆಗಲೇ ನನ್ನ ನೆನಪಿಗೆ ಬಂತು, ಬರಬಾರದಿತ್ತು.

ಲೆಕ್ಕ ಸುಲಭವಾಗಿತ್ತು. ಟೈಪ್ ಮಾಡಿದವಳು ಅವಳು. ಪ್ರೂಫ್ ಹರಿಯುವವಳು ಅವಳು. ಅವಳ ಮಗಳು ಓದುವುದು ಅದೇ ಶಾಲೆಯ ಹತ್ತನೇ ತರಗತಿಯಲ್ಲಿ. ಕನ್ನಡದಲ್ಲಿ ನಂಬರ್ ಕಡಿಮೆ ಬರುತ್ತಿದೆ ಎಂದು ಹಿಂದಿನ ವಾರವೇ ನನ್ನ ಮುಂದೆ ಗೋಳಾಡಿದ್ದಳು. ತಾಯಿ ತಾನೇ, ಒಂದು ಫೋಟೋ ತೆಗೆದಿದ್ದಾಳೆ, ಮಗಳು ಸ್ನೇಹಿತೆಗೆ ಕಳಿಸಿದ್ದಾಳೆ, ಅಲ್ಲಿಂದ ಊರಿಗೆಲ್ಲ ಹೋಗಿದೆ. ಕೇಳಬಹುದಿತ್ತು. ಕೇಳಿದರೆ ಇಲ್ಲ ಎನ್ನುತ್ತಾಳೆ, ಆಮೇಲೆ ನಾನು ನಂಬಲಾರೆ, ನಂಬದೆಯೂ ಇರಲಾರೆ ಎಂದು ಸುಮ್ಮನಾದೆ. ಈಗ ಬರೆಯುವಾಗ ಇದು ವಿವೇಕದ ಹಾಗೆ ಕಾಣುತ್ತದೆ. ಅದು ವಿವೇಕ ಅಲ್ಲ, ಹೇಡಿತನ.

ಆಮೇಲೆ ಅವಳು ಏನು ಮಾಡಿದರೂ ನನಗೆ ಬೇರೆಯಾಗಿಯೇ ಕಾಣಿಸತೊಡಗಿತು. ಮಧ್ಯಾಹ್ನ ಮೆಟ್ಟಿಲ ಹತ್ತಿರ ನಿಂತು ಯಾರಿಗೋ ಪಿಸುಗುಟ್ಟುತ್ತ ಫೋನು ಮಾಡಿದಳು. ಅದು ಯಾರಿಗೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸಂಜೆ ಐದಕ್ಕೆ, ಎಂದೂ ಮೇಲಿನ ಮಹಡಿಗೆ ಕಾಲಿಡದವಳು ಟ್ಯೂಷನ್ ಕೋಣೆಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದಳು. ಆರು ಗಂಟೆಗೆ ನಾನು ಟೋನರ್ ತರಲು ಹೋಗಿ ಬಂದರೆ ಏನೋ ಟೈಪ್ ಮಾಡುತ್ತಿದ್ದಳು. ನನ್ನನ್ನು ಕಂಡದ್ದೇ ಆ ಪುಟವನ್ನು ಮುಚ್ಚಿ, ಬೇಡ ಎಂದು ಒತ್ತಿದಳು. ಪ್ರಿಂಟರ್ ಇನ್ನೂ ಬೆಚ್ಚಗಿತ್ತು.

"ಏನೇ ಅದು?" ಎಂದೆ.

"ಏನಿಲ್ಲ ಅಕ್ಕ, ಮಗಳ ಸ್ಕೂಲಿಗೆ ಲೀವ್ ಲೆಟರ್ರು."

ಹದಿನಾಲ್ಕು ವರ್ಷದಲ್ಲಿ ಅವಳು ಮಗಳ ಲೀವ್ ಲೆಟರ್ ಟೈಪ್ ಮಾಡಿದ್ದನ್ನು ನಾನು ಕಂಡಿರಲಿಲ್ಲ. ನೋಟ್‌ಬುಕ್ಕಿನ ಹಾಳೆ ಹರಿದು ಬರೆದುಕೊಡುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ವಿಜಯನಗರಕ್ಕೆ ಹೋದೆ. ಅಲ್ಲಿ ನಮ್ಮ ಕಂಪ್ಯೂಟರ್ ರಿಪೇರಿಯವನ ಅಂಗಡಿ. ನನಗಿಂತ ಹೆಚ್ಚೆಂದರೆ ಎಂಟು ವರ್ಷ ಚಿಕ್ಕವನು, ಆದರೂ ನನ್ನನ್ನು ಆಂಟಿ ಅನ್ನುತ್ತಾನೆ. ಕೆಲಸ ಚೆನ್ನಾಗಿ ಮಾಡುತ್ತಾನೆಂದು ಸಹಿಸಿಕೊಂಡಿದ್ದೆ. ಟೈಪ್ ಮಾಡಿ ಸೇವ್ ಮಾಡದೆ ಮುಚ್ಚಿದ್ದನ್ನು ಆಮೇಲೆ ನೋಡಲು ಆಗುತ್ತದೆಯೇ ಎಂದು ಕೇಳಿದೆ.

"ಹಾರ್ಡ್ ಡಿಸ್ಕಲ್ಲಿ ಇರಲ್ಲ ಆಂಟಿ. RAM ಅಂತಾರಲ್ಲ, ಕರೆಂಟ್ ಇರೋವರ್ಗೂ ನೆನಪಿಟ್ಕೊಳೋ ಜಾಗ, ಅಲ್ಲಿ ಇದ್ರೂ ಇರಬಹುದು," ಅಂದ. "ಬಾಡಿಗೆಯವರು ಮನೆ ಖಾಲಿ ಮಾಡ್ಕೊಂಡು ಹೋಗ್ತಾರಲ್ಲ, ಇನ್ನೊಬ್ರು ಬರೋವರ್ಗೂ ಅವರ ಕ್ಯಾಲೆಂಡರ್ ಗೋಡೆ ಮೇಲೇ ನೇತಾಡ್ತಾ ಇರತ್ತೆ. ಹಂಗೆ. ಪುಟ ಮುಚ್ಚಿದ್ರೆ ಅದು ಖಾಲಿ ಅಂತ ಕಂಪ್ಯೂಟರ್ ಬರ್ಕೊಳತ್ತೆ ಅಷ್ಟೇ, ಹೋಗಿ ಗುಡ್ಸಲ್ಲ. ಆದ್ರೆ ಒಂದ್ಸಲ ಆಫ್ ಮಾಡಿದ್ರೆ ಮುಗೀತು. ಮನೇನೇ ಇರಲ್ಲ."

"ಅದನ್ನ ಮಂಗಳವಾರದಿಂದ ಆಫ್ ಮಾಡಿಲ್ಲ."

ಮಾಡಿರಲಿಲ್ಲ. ಅವಳ ಕಂಪ್ಯೂಟರ್ ಮುದಿ. ಒಮ್ಮೆ ಆರಿಸಿದರೆ ಮತ್ತೆ ಎಬ್ಬಿಸಲು ಅರ್ಧ ಗಂಟೆ ಬೇಕು. ಅದಕ್ಕೇ ವಾರವೆಲ್ಲ ಹಾಗೇ ಬಿಟ್ಟು, ಶನಿವಾರ ಸಂಜೆ ಅದಕ್ಕೊಂದು ಕುಂಕುಮ ಇಟ್ಟು, ಊದುಬತ್ತಿ ಬೆಳಗಿ ಆರಿಸುತ್ತಿದ್ದಳು.

"ಹಂಗಾದ್ರೆ ನಾಳೆ ಬೆಳಿಗ್ಗೆ ಬರ್ತೀನಿ. ಅಲ್ಲೀವರ್ಗೂ ಯಾರೂ ಆಫ್ ಮಾಡ್ದೇ ಇರೋ ಹಂಗೆ ನೋಡ್ಕೊಳಿ," ಅಂದ. ಯಾಕೆ ಬೇಕು ಎಂದು ಅವನು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಅವನ ಮೇಲೂ ಒಂದು ಅನುಮಾನ ಬಂತು. ಕಾಮಾಲೆ ಕಣ್ಣಿನವರಿಗೆ ಕಂಡದ್ದೆಲ್ಲ ಹಳದಿ.

ಆ ಶುಕ್ರವಾರ ನಾನು ಅಂಗಡಿಯಲ್ಲಿ ಕೆಲಸ ಮಾಡಲಿಲ್ಲ, ಕಾವಲು ಕೂತಿದ್ದೆ. ಊಟಕ್ಕೂ ಎದ್ದು ಹೋಗದೆ ಬಾಕ್ಸನ್ನು ಮೇಜಿನ ಮೇಲೆ ಬಿಚ್ಚಿದೆ. "ಯಾಕಕ್ಕ, ಮೈ ಹುಷಾರಿಲ್ವಾ?" ಎಂದು ಎರಡು ಸಲ ಕೇಳಿದಳು. ಮೂರು ಗಂಟೆಗೆ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಅನ್ನತೊಡಗಿತು. ಅದರಲ್ಲಿ ಹತ್ತು ನಿಮಿಷಕ್ಕಾಗುವಷ್ಟು ಬ್ಯಾಟರಿ ಇರುತ್ತದೆ. ಅಷ್ಟರೊಳಗೆ ಕಂಪ್ಯೂಟರನ್ನು ಕ್ರಮವಾಗಿ ಆರಿಸಬೇಕು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಅವಳು ಮೌಸಿಗೆ ಕೈ ಹಾಕಿದಳು.

"ಮುಟ್ಬೇಡ!"

ಫುಟ್‌ಪಾತಿನಲ್ಲಿ ಆಧಾರ್ ಜೆರಾಕ್ಸ್‌ಗೆ ನಿಂತಿದ್ದವರು ಕೂಡ ತಿರುಗಿ ನೋಡಿದರು. ಅವಳು ಕೈ ಹಿಂದೆ ತೆಗೆದುಕೊಂಡಳು.

"ಬ್ಯಾಟರಿ ಹೋಗತ್ತೆ ಅಕ್ಕ. ಆಮೇಲೆ ಮೆಷಿನ್ ಕೆಟ್ರೆ ನೀವೇ ಬೈತೀರಾ."

"ಕೆಟ್ರೆ ಕೆಡ್ಲಿ."

ಅವಳು ನನ್ನನ್ನೇ ನೋಡಿದಳು. ನಾನು ಪ್ರಿಂಟರನ್ನು, ಜೆರಾಕ್ಸನ್ನು ಎಲ್ಲ ಕಿತ್ತು ಯುಪಿಎಸ್‌ಗೆ ಅದೊಂದೇ ಕಂಪ್ಯೂಟರ್ ಉಳಿಸಿ, ಅದರ ಪರದೆಯನ್ನೂ ಆರಿಸಿ, ಆ ಕೀಂ ಕೀಂ ಎಣಿಸುತ್ತ ಕೂತೆ. ಅವಳಿಗೆ ಅದನ್ನು ಆರಿಸಲು ಅಷ್ಟೊಂದು ಆತುರ ಯಾಕೆ? ಆತುರ ನನ್ನ ಕಣ್ಣಲ್ಲಿ ಮಾತ್ರ ಇತ್ತು ಎಂದು ಈಗ ಹೇಳಬಲ್ಲೆ. ಎಂಟನೇ ನಿಮಿಷಕ್ಕೆ ಕರೆಂಟ್ ಬಂತು. ದೇವರೇ ನನ್ನ ಕಡೆ ಇದ್ದಾನೆ ಎಂದುಕೊಂಡೆ, ನಾಚಿಕೆಯಿಲ್ಲದೆ.

ಶನಿವಾರ ಬೆಳಿಗ್ಗೆ ಒಂದು ಕಟ್ಟು ಗೃಹಪ್ರವೇಶದ ಕಾರ್ಡು ಕೊಟ್ಟು ರಾಜಾಜಿನಗರಕ್ಕೆ ತಲುಪಿಸಿ ಬಾ ಎಂದು ಅವಳನ್ನು ಕಳಿಸಿದೆ. ಗಿರಾಕಿಯೇ ಬಂದು ಒಯ್ಯುತ್ತೇನೆ ಎಂದಿದ್ದರು. ನಾನೇ ಫೋನು ಮಾಡಿ ಬೇಡ, ಕಳಿಸುತ್ತೇನೆ ಎಂದಿದ್ದೆ. ಅವಳು ಬಸ್ ಸ್ಟಾಪಿನ ಕಡೆ ತಿರುಗಿದ ಮೇಲೆ ರಿಪೇರಿಯವನು ಬಂದ. ಪೆನ್‌ಡ್ರೈವ್ ಚುಚ್ಚಿ, ಕಪ್ಪು ಪರದೆಯೊಂದನ್ನು ತೆರೆದು ಏನೋ ಕುಟ್ಟಿದ. RAMನಲ್ಲಿ ಇರುವುದನ್ನೆಲ್ಲ, ಕಂಪ್ಯೂಟರಿಗೆ ಬೇಕಾದ್ದು ಬೇಡವಾದ್ದು ನೋಡದೆ, ಮೊದಲಿಂದ ಕೊನೆಯವರೆಗೆ ಹಾಗೇ ಒಂದು ಫೈಲಿಗೆ ಇಳಿಸಿಕೊಳ್ಳುವುದಂತೆ. ಶೇಕಡಾ ಮೂರು, ಶೇಕಡಾ ಒಂಬತ್ತು ಎಂದು ಅದು ತೆವಳುತ್ತಿತ್ತು. ನಾನು ರಸ್ತೆ ನೋಡುತ್ತ ಬಾಗಿಲಲ್ಲಿ ನಿಂತೆ, ನನ್ನ ಅಂಗಡಿಯಲ್ಲಿ ನಾನೇ ಕದಿಯುವವಳ ಹಾಗೆ.

ಇಳಿದಾದ ಮೇಲೆ ಅದರಲ್ಲಿ ಅಕ್ಷರದಂತಿರುವುದನ್ನೆಲ್ಲ ಸೋಸಿ, ಕನ್ನಡ ಹುಡುಕಿದ. ಎರಡು ಮೂರು ಸಲ ಹುಡುಕಿದ.

"ಕನ್ನಡ ಅಂತ ಒಂದಕ್ಷರ ಇಲ್ಲ ಆಂಟಿ. ಬರೀ ಕಸ."

ಆ ಕಸವನ್ನು ಬಗ್ಗಿ ನೋಡಿದೆ. ಸಾಲುಸಾಲಾಗಿ ಇಂಗ್ಲಿಷಿನ ಪಿ, ಕ್ಯೂ, ಪೌಂಡಿನ ಗುರುತು, ತಲೆಯ ಮೇಲೆ ಗೆರೆ ಎಳೆದ ಎ. ನಾವು ಬಳಸುತ್ತಿದ್ದ ಹಳೆಯ ಕನ್ನಡ ಸಾಫ್ಟ್‌ವೇರಿನಲ್ಲಿ ಒಳಗಿರುವುದು ಇಂಗ್ಲಿಷಿನ ಗುರುತುಗಳೇ. ಮೇಲೆ ಕನ್ನಡದ ಫಾಂಟ್ ಹೊದಿಸಿದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಕ ಇರುವಲ್ಲಿ ಪಿ, ನ ಇರುವಲ್ಲಿ ಪೌಂಡು. ಫಾಂಟ್ ಕೈಕೊಟ್ಟ ದಿನಗಳಲ್ಲಿ, ಗಿರಾಕಿ ಎದುರಿಗೆ ನಿಂತಿರುವಾಗ, ಅವಳೂ ನಾನೂ ಆ ಕಸವನ್ನೇ ಓದಿ ಪ್ರೂಫ್ ತಿದ್ದಿದ್ದೇವೆ. "ನಮ್ಮಿಬ್ರ ಗುಟ್ಟಿನ ಭಾಷೆ ಅಕ್ಕ ಇದು" ಎಂದು ನಗುತ್ತಿದ್ದಳು. ನಮ್ಮ ಬೀದಿಯಲ್ಲಿ ಅದನ್ನು ಓದಬಲ್ಲವರು ನಾವಿಬ್ಬರೇ. ಕಸವೇ ಇರಲಿ, ನನ್ನ ಕಂಪ್ಯೂಟರಿಗೆ ಹಾಕಿಬಿಡು ಎಂದು ಹೇಳಿ ಅವನನ್ನು ಕಳಿಸಿದೆ.

ಬೆರಳಿಟ್ಟು ಓದುತ್ತ ಹೋದೆ. ಒಂದು ನಾಮಕರಣದ ಆಹ್ವಾನದ ತುಂಡು. ಬಾಡಿಗೆ ಕರಾರಿನ ಸುಣ್ಣಬಣ್ಣದ ಷರತ್ತು. ಯಾರದೋ ಮದುವೆಗೆ ಬರೆಸಿದ ಹುಡುಗಿಯ ವಿವರ; ಗೋತ್ರ, ನಕ್ಷತ್ರ, ಎತ್ತರ. ನಾನು ನೋಡಬಾರದ ಒಂದು ಬ್ಯಾಂಕಿನ ಪಾಸ್‌ವರ್ಡು. ಪ್ರಶ್ನೆಪತ್ರಿಕೆ ಸಿಕ್ಕಿತು, ಏಳನೇ ಪ್ರಶ್ನೆಯಲ್ಲಿ ಸಾಲು ಎರಡು ಸಲ ಇದ್ದದ್ದು. ಅದಕ್ಕಿಂತ ಎಷ್ಟೋ ಕೆಳಗೆ, ಮುಖ್ಯೋಪಾಧ್ಯಾಯಿನಿಯವರಿಗೆ ಎಂದು ಶುರುವಾಗುವ ಒಂದು ಕಾಗದ.

"ನಮ್ಮ ಅಂಗಡಿಯ ಅಕ್ಕ ಗೊತ್ತಿಲ್ಲದೆ ಆ ಪ್ರೂಫನ್ನು ಬೇರೆ ಹಾಳೆಗಳ ಜೊತೆ ಕಟ್ಟಿ ಮೇಲಿನ ಟ್ಯೂಷನ್ ಮಕ್ಕಳಿಗೆ ಕೊಟ್ಟಿದ್ದಾರೆ. ಅವರು ಬೇಕೆಂದು ಮಾಡಿದ್ದಲ್ಲ."

ಒಮ್ಮೆಗೇ ಅರ್ಥವಾಗಲಿಲ್ಲ. ಆಮೇಲೆ ಮಂಗಳವಾರ ಮಧ್ಯಾಹ್ನ ಕಣ್ಣ ಮುಂದೆ ಬಂತು. ಪ್ರಿಂಟರ್ ಒಂದರ ಬದಲು ಎರಡು ಪ್ರೂಫ್ ಕೊಟ್ಟಿತ್ತು. ಒಂದರಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿದರು, ಅದನ್ನು ಅವಳು ಹರಿದು ಹಾಕಿದಳು. ಇನ್ನೊಂದು ಪ್ರಿಂಟರಿನ ಟ್ರೇಯಲ್ಲೇ ಉಳಿದಿತ್ತು. ತಾಯಿಯ ಕಣ್ಣು ತೋರಿಸಬೇಕೆಂದು ಅವಳು ಒಂದು ಗಂಟೆಗೇ ಹೊರಟಿದ್ದಳು. ಟ್ರೇ ಖಾಲಿ ಮಾಡಿದವಳು ನಾನು. ಒಂದು ಮಗ್ಗುಲು ಖಾಲಿ ಇರುವ ಹಾಳೆ ಬಿಸಾಡಲು ನನಗೆ ಹೊಟ್ಟೆ ಉರಿಯುತ್ತದೆ. ಹಾಳಾದ ಜೆರಾಕ್ಸು, ಕೆಟ್ಟ ಪ್ರಿಂಟು ಎಲ್ಲ ಸೇರಿಸಿ ಟ್ವೈನ್ ದಾರದಲ್ಲಿ ಕಟ್ಟಿ, ಲೆಕ್ಕ ಮಾಡಲಿ ಎಂದು ಟ್ಯೂಷನ್ ಮಕ್ಕಳಿಗೆ ಕೊಡುತ್ತಿದ್ದೆ. ಆ ಮಂಗಳವಾರವೂ ಕೊಟ್ಟಿದ್ದೆ. ಕೊಟ್ಟದ್ದು ನೆನಪೇ ಇರಲಿಲ್ಲ. ಹೆಡ್‌ಮಿಸ್ಸಿನ ಮೊಬೈಲಿನಲ್ಲಿ ಕೆಂಪು ಶಾಯಿಯಿಲ್ಲದ ಪ್ರೂಫ್ ಕಂಡಾಗಲೇ ಅವಳಿಗೆ ಹೊಳೆದಿತ್ತು. ಮೇಲೆ ಹೋದದ್ದು ಅದನ್ನು ಖಚಿತ ಮಾಡಿಕೊಳ್ಳಲು.

ಇನ್ನೂ ಸ್ವಲ್ಪ ಕೆಳಗೆ ಅದೇ ಕಾಗದ ಮತ್ತೊಮ್ಮೆ ಇತ್ತು. ಅವಳು ಟೈಪ್ ಮಾಡುತ್ತ ತಿದ್ದುತ್ತ ಹೋದಂತೆ RAM ಎರಡನ್ನೂ ಉಳಿಸಿಕೊಂಡಿತ್ತು. ಎರಡನೆಯದರಲ್ಲಿ ಹೀಗಿತ್ತು: "ನಾನು ಗೊತ್ತಿಲ್ಲದೆ ಆ ಪ್ರೂಫನ್ನು ಬೇರೆ ಹಾಳೆಗಳ ಜೊತೆ ಕಟ್ಟಿ ಮೇಲಿನ ಟ್ಯೂಷನ್ ಮಕ್ಕಳಿಗೆ ಕೊಟ್ಟಿದ್ದೇನೆ. ಅಂಗಡಿಯವರದು ಏನೂ ತಪ್ಪಿಲ್ಲ. ದಯವಿಟ್ಟು ಅವರಿಗೆ ಕೆಲಸ ಕೊಡುವುದನ್ನು ನಿಲ್ಲಿಸಬೇಡಿ."

ನಾನು ಅತ್ತೆ. ಗಿರಾಕಿಯೊಬ್ಬರು ಬಂದು ಪ್ಯಾನ್ ಕಾರ್ಡ್ ಕೊಟ್ಟರು, ಅಳುತ್ತಲೇ ಜೆರಾಕ್ಸ್ ಮಾಡಿಕೊಟ್ಟೆ.

ಸೋಮವಾರ ಬೆಳಿಗ್ಗೆ ನೇರ ಶಾಲೆಗೆ ಹೋದೆ. ಹೆಡ್‌ಮಿಸ್ಸು ಈ ಸಲ ಕೂತುಕೊಳ್ಳಿ ಎಂದರು. ಮೇಜಿನ ಮೇಲೆ ಆ ಕಾಗದವಿತ್ತು, ಎರಡನೆಯದು. ಶನಿವಾರ ರಾಜಾಜಿನಗರಕ್ಕೆ ಹೋಗುವ ದಾರಿಯಲ್ಲೇ ಕೊಟ್ಟು ಹೋಗಿದ್ದಳಂತೆ.

"ನಿಮ್ ಹುಡುಗಿ ಒಪ್ಕೊಂಡಿದಾಳೆ. ಪೊಲೀಸು ಗಿಲೀಸು ಬೇಡ ಅಂತ ನಾನೇ ಹೇಳಿದೀನಿ. ಅವಳನ್ನ ಬಿಡ್ಸಿಬಿಡಿ, ನಮ್ ಕೆಲಸ ಎಂದಿನಂತೆ ನಿಮಗೇ ಬರತ್ತೆ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾನು ತಕ್ಷಣ ಬಾಯಿ ಬಿಡಲಿಲ್ಲ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆ ಶಾಲೆಯ ಕೆಲಸವೇ ನಮ್ಮ ಅಂಗಡಿಯ ಅರ್ಧ. ಹೊರಗೆ ಪ್ರಾರ್ಥನೆಯ ಗಂಟೆ ಹೊಡೆಯಿತು, ಮಕ್ಕಳು ಸಾಲು ಕಟ್ಟುವ ಗಲಾಟೆ ಕೇಳಿತು, ಆಗಲೂ ಸುಮ್ಮನೇ ಇದ್ದೆ. ಗಲಾಟೆ ಅಡಗಿದ ಮೇಲೆ ಹೇಳಿದೆ.

"ಅವಳು ಅವತ್ತು ಮಧ್ಯಾಹ್ನ ಅಂಗಡೀಲೇ ಇರ್ಲಿಲ್ಲ ಮಿಸ್. ಆ ಕಟ್ಟು ಕಟ್ಟಿ ಕೊಟ್ಟಿದ್ದು ನಾನು."

ಅವರು ಕಾಗದ ಮಡಿಸಿ ಡ್ರಾಯರಿಗೆ ಹಾಕಿದರು. ಇನ್ನು ಮುಂದೆ ಪ್ರಶ್ನೆಪತ್ರಿಕೆ ಕಳಿಸುವುದಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿದರು. ನಾನು ಎದ್ದು ಕೈ ಮುಗಿದು ಬಂದೆ. ದಾರಿಯಲ್ಲಿ ಮೈ ಹಗುರವಾಗಿತ್ತು. ದೊಡ್ಡ ಕೆಲಸ ಮಾಡಿದೆ ಎಂಬ ಹೆಮ್ಮೆ ಕೂಡ. ಕಾಲು ಕಿಲೋ ಮೈಸೂರು ಪಾಕ್ ಕಟ್ಟಿಸಿಕೊಂಡೆ.

ಅವಳು ಆಗಲೇ ಬಂದು ಕಂಪ್ಯೂಟರಿನ ಮುಂದೆ ಕೂತಿದ್ದಳು. ನಾನು ಪೊಟ್ಟಣ ಮೇಜಿನ ಮೇಲಿಟ್ಟೆ.

"ಹೆಡ್‌ಮಿಸ್ ಹತ್ರ ಹೋಗಿದ್ದೆ ಕಣೇ. ತಪ್ಪು ನಂದು ಅಂತ ಹೇಳ್ಬಿಟ್ಟು ಬಂದೆ."

ಅವಳ ಕಣ್ಣು ತುಂಬಿತು. "ಯಾಕಕ್ಕ ಹೇಳೋಕ್ ಹೋದ್ರಿ? ಕೆಲಸ ಹೋಗತ್ತಲ್ಲ."

"ಹೋದ್ರೆ ಹೋಗ್ಲಿ ಬಿಡೇ," ಎಂದೆ. ಪ್ರೀತಿ ಉಕ್ಕಿ ಬಂದಿತ್ತು, ನಾಲಿಗೆಗೆ ಕಡಿವಾಣವಿರಲಿಲ್ಲ. "ಮೊದ್ಲು ಸರಿಯಾಗೇ ಬರ್ದಿದ್ದೆಯಲ್ಲೇ, ಅಕ್ಕ ಕೊಟ್ಟಿದ್ದಾರೆ ಅಂತ. ಆಮೇಲ್ ಯಾಕೆ ಅದನ್ನ ನಿನ್ ತಲೆ ಮೇಲ್ ಹಾಕೊಂಡೆ?"

ಅವಳು ಪೊಟ್ಟಣದ ದಾರ ಬಿಚ್ಚುತ್ತಿದ್ದಳು. ಕೈ ನಿಂತಿತು.

"ಅದನ್ನ ಅಳ್ಸಿದ್ದೆ ನಾನು," ಅಂದಳು. "ಪ್ರಿಂಟೂ ತೆಗ್ದಿರ್ಲಿಲ್ಲ."

ಅವಳು ತನ್ನ ಕಂಪ್ಯೂಟರಿನ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಶುಕ್ರವಾರದ ಕೂಗು, ಶನಿವಾರದ ಕಾರ್ಡು, ಒಂದೊಂದೇ ಅವಳಿಗೆ ತಿಳಿಯುತ್ತಿರುವುದು ನನಗೆ ಮುಖದಲ್ಲೇ ಕಂಡಿತು.

"ನಾನು ಕದ್ದೆ ಅಂದ್ಕೊಂಡ್ರಾ?"

ನಾನು ಪೊಟ್ಟಣದ ದಾರವನ್ನೇ ನೋಡಿದೆ.

"ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಅಂದಳು. ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ದಾರವನ್ನು ಮತ್ತೆ ಕಟ್ಟಿ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು. ಆಮೇಲೆ ಅವತ್ತು ಕೊಡಬೇಕಿದ್ದ ಒಂದು ಸೀಮಂತದ ಕಾರ್ಡನ್ನು ಟೈಪ್ ಮಾಡತೊಡಗಿದಳು. ಸಂಜೆಯವರೆಗೆ ನಾವು ಗಿರಾಕಿಗಳ ಜೊತೆ ಮಾತ್ರ ಮಾತಾಡಿದೆವು.

ತಿಂಗಳು ತುಂಬುವವರೆಗೂ ಅವಳು ಬಂದಳು. ಈಗ ರಾಜರಾಜೇಶ್ವರಿನಗರದ ಕಡೆ ಯಾವುದೋ ಆಫೀಸಿನಲ್ಲಿ ಕೆಲಸಕ್ಕಿದ್ದಾಳಂತೆ. ಆ ಸೋಮವಾರ ಸಂಜೆ ಏಳು ಗಂಟೆಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಬರ್ತೀನಿ ಮೇಡಂ," ಅಂದಳು. ಯಾರಿಗೆ ಹೇಳಿದಳೋ ಎಂದು ನಾನು ಹಿಂದೆ ತಿರುಗಿ ನೋಡಿದೆ. ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ.